ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ: ಸಾರ್ವಜನಿಕರು, ಮೀನುಗಾರರು ಹಾಗೂ ಪ್ರವಾಸಿಗರ ಅವಗಾಹನೆಗಾಗಿ

ಪೀಠಿಕೆ

ಹೊಸಪೇಟೆ ಸಮೀಪದ ತುಂಗಭದ್ರಾ ಅಣೆಕಟ್ಟೆಯ ಕೆಳಭಾಗದಲ್ಲಿ ನದಿಯು ಹಂಪಿ ಮತ್ತು ಆನೆಗೊಂದಿಯ ಬಂಡೆಗಳ ನಡುವೆ ಹರಿದು ಕಂಪ್ಲಿಯ ಕಡೆಗೆ ಸಾಗುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಉದ್ದದ ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ನೀರುನಾಯಿಗಳ ಸಲುವಾಗಿಯೇ ದೇಶದಲ್ಲಿ ಘೋಷಣೆಯಾದ ಮೊದಲ ಸಂರಕ್ಷಣಾ ಮೀಸಲು ಇದಾಗಿರುತ್ತದೆ. ಘೋಷಣೆಯ ಕಾಲಕ್ಕೆ ಇದು ಬಳ್ಳಾರಿ ಮತ್ತು ಕೊಪ್ಪಳ ಜಿಲ್ಲೆಗಳಿಗೆ ಸೇರಿತ್ತು. 2021ರಲ್ಲಿ ವಿಜಯನಗರ ಜಿಲ್ಲೆಯು ರಚನೆಯಾದ ನಂತರ ಹೊಸಪೇಟೆ ಮತ್ತು ಹಂಪಿಯ ದಂಡೆಯು ವಿಜಯನಗರ ಜಿಲ್ಲೆಗೂ, ಕಂಪ್ಲಿಯ ದಂಡೆಯು ಬಳ್ಳಾರಿ ಜಿಲ್ಲೆಗೂ, ಆನೆಗೊಂದಿಯ ದಂಡೆಯು ಕೊಪ್ಪಳ ಜಿಲ್ಲೆಗೂ ಸೇರಿರುತ್ತವೆ. ಆದ್ದರಿಂದ ಅರ್ಜಿ ಅಥವಾ ದೂರು ಸಲ್ಲಿಸುವವರು ಘಟನೆಯು ಯಾವ ದಂಡೆಯಲ್ಲಿ ನಡೆಯಿತೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಅವಶ್ಯ.

ನೀರುನಾಯಿಯ ಪರಿಚಯ

ಇಲ್ಲಿರುವುದು ನಯವಾದ ತುಪ್ಪಳದ, ಜಾಲಪಾದವುಳ್ಳ, ಗುಂಪಿನಲ್ಲಿ ಬಾಳುವ ನೀರುನಾಯಿ. ಹೆಸರಿನಲ್ಲಿ ನಾಯಿ ಎಂದಿದ್ದರೂ ಇದು ನಾಯಿಯ ಜಾತಿಗೆ ಸೇರಿದ ಪ್ರಾಣಿಯಲ್ಲ. ಮೀನು ಇದರ ಮುಖ್ಯ ಆಹಾರ. ಮರಿಗಳನ್ನು ಬಂಡೆಗಳ ಸಂದಿನಲ್ಲಿ ಹಾಗೂ ದಡದ ಬಿಲಗಳಲ್ಲಿ ಸಾಕುತ್ತದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದನ್ನು ಅಪಾಯಕ್ಕೀಡಾಗಬಲ್ಲ ಜೀವಿಗಳ ವರ್ಗದಲ್ಲಿ ಸೇರಿಸಲಾಗಿದೆ. ತುಪ್ಪಳ ಮತ್ತು ಜೀವಂತ ಮರಿಗಳ ಮಾರಾಟದಿಂದ ರಕ್ಷಿಸುವ ಸಲುವಾಗಿ 2019ರಲ್ಲಿ ಇದರ ಅಂತರರಾಷ್ಟ್ರೀಯ ವಾಣಿಜ್ಯ ವ್ಯವಹಾರವನ್ನು ನಿಷೇಧಿಸಲಾಯಿತು.

ರಕ್ಷಣೆಯ ಅಗತ್ಯವೇನು?

1. ಸಿಡಿಮದ್ದು: ನೀರಿನಲ್ಲಿ ಸಿಡಿಮದ್ದು ಹಾಕಿದಾಗ ದೊಡ್ಡ ಮೀನುಗಳ ಜೊತೆಗೆ ಮರಿಮೀನುಗಳೂ ಸಾಯುತ್ತವೆ. ಸತ್ತ ಮೀನುಗಳಲ್ಲಿ ಹಲವು ತಳ ಸೇರಿ ಯಾರಿಗೂ ದಕ್ಕುವುದಿಲ್ಲ. ಮುಂದಿನ ವರ್ಷದ ಮೀನು ಈ ವರ್ಷವೇ ನಾಶವಾಗುವುದರಿಂದ ಬಲೆ ಬೀಸಿ ಬದುಕುವ ಕುಟುಂಬಕ್ಕೂ ನೀರುನಾಯಿಗೂ ಒಂದೇ ಬಗೆಯ ನಷ್ಟವುಂಟಾಗುತ್ತದೆ.

2. ಕಸ ಮತ್ತು ಬೀದಿನಾಯಿಗಳು: ಪ್ರವಾಸಿಗರು ದಡದಲ್ಲಿ ಬಿಟ್ಟುಹೋಗುವ ಆಹಾರಕ್ಕೆ ಬೀದಿನಾಯಿಗಳು ಸೇರುತ್ತವೆ. ನೀರುನಾಯಿಯು ನೀರಿನಲ್ಲಿ ಚುರುಕು, ನೆಲದ ಮೇಲೆ ನಿಧಾನ. ಬಿಲದ ಬಳಿಯಲ್ಲಿರುವ ಮರಿಗಳಿಗೆ ನಾಯಿಗಳಿಂದ ಅಪಾಯ ಹೆಚ್ಚು.

3. ಮರಳು ಮತ್ತು ದಡ: ಮರಳು ತೆಗೆಯುವುದರಿಂದ ಹಾಗೂ ದಡದ ಆಪು, ಜೊಂಡು ಸುಡುವುದರಿಂದ ಅಡಗುವ ಸ್ಥಳವು ಇಲ್ಲವಾಗುತ್ತದೆ.

4. ನೀರಿನ ಏರಿಳಿತ: ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ತಗ್ಗಿನ ಬಿಲಗಳು ಮುಳುಗುತ್ತವೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾದಾಗ ಇತರ ಗೇಟುಗಳಿಂದಲೂ ನೀರನ್ನು ಹೊರಬಿಡಬೇಕಾಯಿತು. ಇಂತಹ ಸಮಯದಲ್ಲಿ ಎತ್ತರದ ಬಂಡೆಗಳೇ ಪ್ರಾಣಿಗಳಿಗೆ ಆಸರೆ. ಆ ಬಂಡೆಗಳಲ್ಲಿ ಜನಸಂದಣಿ ಸಲ್ಲದು.

ಕಾನೂನು ಏನು ಹೇಳುತ್ತದೆ?

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಕಲಂ 36ಎ ಅನ್ವಯ ಸಂರಕ್ಷಣಾ ಮೀಸಲನ್ನು ರಾಜ್ಯ ಸರ್ಕಾರವು ಸ್ಥಳೀಯ ಸಮುದಾಯಗಳೊಂದಿಗೆ ಸಮಾಲೋಚಿಸಿ ಘೋಷಿಸುತ್ತದೆ. ಇದು ಸರ್ಕಾರದ ಒಡೆತನದ ಪ್ರದೇಶಕ್ಕೆ ಮಾತ್ರ ಅನ್ವಯಿಸುತ್ತದೆ. ದಡದ ಪಟ್ಟಾ ಜಮೀನು ಈ ಕಲಂ ಅಡಿಯಲ್ಲಿ ಮೀಸಲಿಗೆ ಸೇರುವುದಿಲ್ಲವಾದ್ದರಿಂದ ರೈತರು ಆತಂಕಪಡುವ ಕಾರಣವಿಲ್ಲ. ಆದರೆ ಮೀಸಲಿನೊಳಗೆ ಈ ಕೆಳಕಂಡ ನಿಯಮಗಳು ಎಲ್ಲರಿಗೂ ಅನ್ವಯವಾಗುತ್ತವೆ:

ಅ) ವನ್ಯಪ್ರಾಣಿಯನ್ನು ಕೆಣಕುವುದು, ಹಿಂಸಿಸುವುದು ಹಾಗೂ ಕಸ ಹಾಕುವುದು ನಿಷಿದ್ಧ (ಕಲಂ 27).
ಆ) ಬೆಂಕಿ ಹಚ್ಚುವುದು ನಿಷಿದ್ಧ (ಕಲಂ 30).
ಇ) ವನ್ಯಜೀವಿಗೆ ಹಾನಿ ತರುವ ರಾಸಾಯನಿಕ, ಸಿಡಿಮದ್ದು ಮುಂತಾದವುಗಳ ಬಳಕೆ ನಿಷಿದ್ಧ (ಕಲಂ 32).
ಈ) ವನ್ಯಪ್ರಾಣಿಯ ಸಾವು ಕಂಡುಬಂದಲ್ಲಿ ತಿಳಿಸುವುದು, ಅಪರಾಧ ತಡೆಯಲು ಹಾಗೂ ಬೆಂಕಿ ನಂದಿಸಲು ಅಧಿಕಾರಿಗಳಿಗೆ ನೆರವಾಗುವುದು ಅಲ್ಲಿ ವಾಸಿಸುವವರ ಕರ್ತವ್ಯ (ಕಲಂ 27).

ಬಲೆ ಒಡ್ಡಿ ಅಥವಾ ಉರುಳು ಹಾಕಿ ನೀರುನಾಯಿಯನ್ನು ಹಿಡಿಯುವುದು, ಕೊಲ್ಲದೇ ಇದ್ದರೂ, ಕಾನೂನಿನ ದೃಷ್ಟಿಯಲ್ಲಿ ಬೇಟೆಯೇ ಆಗಿರುತ್ತದೆ. ಮೀನುಗಾರಿಕೆ ಪರವಾನಗಿಯನ್ನು ಹೊಂದಿರುವವರಿಗೂ ಸಿಡಿಮದ್ದು ಬಳಸುವ ಹಕ್ಕು ಬರುವುದಿಲ್ಲ.

ನಿರ್ವಹಣೆಯಲ್ಲಿ ಗ್ರಾಮ ಪಂಚಾಯಿತಿಯ ಪಾತ್ರ

ಕಲಂ 36ಬಿ ಅನ್ವಯ ಮೀಸಲಿಗೆ ನಿರ್ವಹಣಾ ಸಮಿತಿಯೊಂದು ಇರತಕ್ಕದ್ದು. ಮೀಸಲು ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿಗೆ ಈ ಸಮಿತಿಯಲ್ಲಿ ಸ್ಥಾನವಿರುತ್ತದೆ. ಹರಿಗೋಲು ನಡೆಸುವವರು, ಮೀನುಗಾರರು ಹಾಗೂ ರೈತರು ತಮ್ಮ ಅಹವಾಲನ್ನು ಈ ಪ್ರತಿನಿಧಿಯ ಮೂಲಕ ಸಮಿತಿಯ ಮುಂದೆ ಮಂಡಿಸಬಹುದು.

ದೂರು ಅಥವಾ ಮಾಹಿತಿ ಸಲ್ಲಿಸುವ ವಿಧಾನ

1. ತುರ್ತು ಸಂದರ್ಭದಲ್ಲಿ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡುವುದು.

2. ಲಿಖಿತ ದೂರನ್ನು ಆಯಾ ದಂಡೆಯ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಸಲ್ಲಿಸುವುದು. ದಿನಾಂಕ, ವೇಳೆ, ಹತ್ತಿರದ ಗ್ರಾಮ ಅಥವಾ ಸ್ಮಾರಕದ ಹೆಸರು, ಲಭ್ಯವಿದ್ದಲ್ಲಿ ಭಾವಚಿತ್ರ ಇರಲಿ. ಸ್ವೀಕೃತಿ ಪಡೆಯಲು ಮರೆಯಬಾರದು.

3. ಬಲೆಯಲ್ಲಿ ಜೀವಂತ ನೀರುನಾಯಿ ಸಿಕ್ಕಿಬಿದ್ದಲ್ಲಿ ಬರಿಗೈಯಿಂದ ಮುಟ್ಟದೆ, ಜನರನ್ನು ದೂರವಿರಿಸಿ, ಕೂಡಲೇ ತಿಳಿಸುವುದು.

4. ಒಂಟಿ ಮರಿ ಕಂಡರೆ ಎತ್ತಿಕೊಂಡು ಹೋಗಬಾರದು. ತಾಯಿ ಮೀನು ಹಿಡಿಯಲು ಹೋಗಿರಬಹುದು. ದೂರದಿಂದ ಗಮನಿಸಿ ಮಾಹಿತಿ ನೀಡುವುದು.

5. ಸಮಿತಿಯ ನಡವಳಿಗಳು ಅಥವಾ ದೂರಿನ ಮೇಲಿನ ಕ್ರಮದ ವಿವರ ಬೇಕಾದವರು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಕಾಲಾವಧಿ ನಿಗದಿಯಾಗಿದೆ.

ವಿಶೇಷ ಸೂಚನೆ: ಸಂಡೂರು ಮತ್ತು ಹೊಸಪೇಟೆ ಭಾಗದ ದರೋಜಿ ಕರಡಿಧಾಮವು 1994ರಲ್ಲಿ ಘೋಷಣೆಯಾದ ಅಭಯಾರಣ್ಯವಾಗಿದ್ದು, ಅಲ್ಲಿಯ ಪ್ರವೇಶದ ನಿಯಮಗಳು ಪ್ರತ್ಯೇಕವಾಗಿರುತ್ತವೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಸೇರಿಸಬಾರದು.

ಹಂಪಿಯ ಸ್ಮಾರಕಗಳನ್ನು ನೋಡಲು ಬರುವವರು ಮುಂಜಾನೆ ಅಥವಾ ಸಂಜೆ ಮೌನವಾಗಿ ದಡದಿಂದ ದೂರ ನಿಂತಲ್ಲಿ ನೀರುನಾಯಿಗಳ ಗುಂಪನ್ನು ಕಾಣುವ ಸಾಧ್ಯತೆಯಿದೆ. ಆಹಾರ ಎಸೆಯದೆ, ತಂದ ಕಸವನ್ನು ಹಿಂದಕ್ಕೆ ಒಯ್ದು ಸಹಕರಿಸಬೇಕಾಗಿ ಸಾರ್ವಜನಿಕರಲ್ಲಿ ಕೋರಲಾಗಿದೆ.