ಗೋಡೆಯೊಳಗಿನ ಗುತ್ತಿಗೆ

ಮಹಾಲಿಂಗಪುರದ ಸುತ್ತಿನ ಸೀಮೆಗೆ ಒಳಗುತ್ತಿಗೆ ಹೊಸದಲ್ಲ. ಸಕ್ಕರೆ ಕಾರ್ಖಾನೆಗೆ ಕಬ್ಬು ಕಡಿಸುವ ಹೊಣೆ ಗುತ್ತಿಗೆದಾರನದು. ಅವನಿಗೆ ಆಳು ಕೂಡಿಸುವವನು ಮುಕಾದಮ. ಹೊಲಕ್ಕೆ ಇಳಿಯುವುದು ಮುಕಾದಮನ ಗ್ಯಾಂಗು. ರಬಕವಿ–ಬನಹಟ್ಟಿಯ ಮಗ್ಗಗಳಲ್ಲೂ ಎಷ್ಟೋ ಕಡೆ ನೂಲು ಒಬ್ಬರದು, ನೇಯ್ಗೆ ಇನ್ನೊಬ್ಬರದು. ಆದರೆ ಕಬ್ಬನ್ನು ಬುಡಸಮೇತ ಕಡಿಯದಿದ್ದರೆ ರೈತನ ಕಣ್ಣಿಗೆ ಅದೇ ದಿನ ಬೀಳುತ್ತದೆ. ಬಟ್ಟೆಯಲ್ಲಿ ಎಳೆ ತಪ್ಪಿದರೆ ಬೆಳಕಿಗೆ ಹಿಡಿದಾಗ ಕಾಣುತ್ತದೆ. ಗೋಡೆಯೊಳಗೆ ಹೋದ ತಂತಿಯ ತಪ್ಪು ಮಾತ್ರ ತಿಂಗಳುಗಟ್ಟಲೆ ಯಾರಿಗೂ ಕಾಣುವುದಿಲ್ಲ.

ವಿದ್ಯುತ್ ಕಾರುಗಳ ಜೊತೆಗೆ ಮನೆಮನೆಗೆ ಬರುತ್ತಿರುವ ಚಾರ್ಜರಿನ ವಿಷಯದಲ್ಲಿ ನೆನಪಿಡಬೇಕಾದ ಮಾತು ಇದೇ. ವಿದ್ಯುತ್ ವಾಹನಗಳಿಗೆಂದೇ 2017ರಲ್ಲಿ ನೀತಿಯೊಂದನ್ನು ಪ್ರಕಟಿಸಿ ಕರ್ನಾಟಕ ದೇಶದಲ್ಲಿ ಮೊದಲಿಗನಾಯಿತು. ವಾಹನ ಮನೆಗೆ ಬಂದಿತು; ಮನೆಯ ವೈರಿಂಗ್ ಅದಕ್ಕೆ ಸಿದ್ಧವಾಗಿದೆಯೇ ಎಂದು ನೋಡುವವರು ಕಡಿಮೆ.

ಕೈಯಿಂದ ಕೈಗೆ

ಮಹಾಲಿಂಗಪುರದ ಗೃಹಸ್ಥರೊಬ್ಬರು ದೊಡ್ಡ ಊರಿನ ಶೋರೂಮಿನಲ್ಲಿ ಕಾರು ಕೊಂಡರೆಂದು ಭಾವಿಸಿ. ಚಾರ್ಜರ್ ಕೂಡಿಸಿಕೊಡುವ ಖರ್ಚು ಕಾರಿನ ಬಿಲ್ಲಿನಲ್ಲೇ ಸೇರಿರುತ್ತದೆ. ಶೋರೂಮು ಆ ಕೆಲಸವನ್ನು ಒಂದು ಏಜೆನ್ಸಿಗೆ ಒಪ್ಪಿಸುತ್ತದೆ. ಏಜೆನ್ಸಿಯವರು ಇಷ್ಟು ದೂರ ಬರಲಾರದೆ ಹತ್ತಿರದ ಗುತ್ತಿಗೆದಾರನಿಗೆ ಫೋನು ಮಾಡುತ್ತಾರೆ. ಅವನಿಗೂ ಬಿಡುವಿಲ್ಲ, ಒಬ್ಬ ಹುಡುಗನನ್ನು ಮೋಟಾರ್‌ಸೈಕಲ್ ಮೇಲೆ ಕಳಿಸುತ್ತಾನೆ. ಪ್ರತಿ ಕೈಯಲ್ಲೂ ಹಣ ಸ್ವಲ್ಪ ಸ್ವಲ್ಪ ಉಳಿದುಕೊಂಡು, ಕೊನೆಯ ಕೈಗೆ ಬರುವಾಗ ಒಂದು ಮನೆಗೆ ಇಷ್ಟು ಎಂಬ ಲೆಕ್ಕದ ಕೂಲಿ ಮಾತ್ರ ಇರುತ್ತದೆ. ಕೂಲಿ ಗಿಟ್ಟಬೇಕಾದರೆ ಅವನು ಸಂಜೆಯೊಳಗೆ ಇನ್ನೊಂದು ಊರು ಮುಟ್ಟಬೇಕು.

"ಹೊಸಾ ಲೈನ್ ಏನೂ ಬ್ಯಾಡ್ರಿ ಕಾಕಾ, ಹಳೇ ವೈರಿನ್ಯಾಗ ನಡೀತೈತ್ರಿ" ಎಂಬ ಮಾತು ಹುಟ್ಟುವುದು ಇಲ್ಲಿ. ಹುಡುಗ ಮೋಸಗಾರನಲ್ಲ. ಪಂಪ್‌ಸೆಟ್ಟು, ಮಗ್ಗದ ಮೋಟಾರುಗಳ ಮೇಲೆ ಕೈ ಪಳಗಿದವನೇ ಇರಬಹುದು. ಆದರೆ ಉಳಿತಾಯ ಮಾಡಲು ಅವನಿಗೆ ಇರುವುದು ಮೂರೇ ದಾರಿ: ತಂತಿಯ ದಪ್ಪ, ಅರ್ಥಿಂಗು ಮತ್ತು ಸಮಯ.

ರಾತ್ರಿಯಿಡೀ ಹರಿಯುವ ಹೊರೆ

ಎರಡು ಕಿಲೋವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, ಅದೂ ಅರ್ಧ ಗಂಟೆ. 3.3 ಕಿಲೋವ್ಯಾಟಿನ ಸಣ್ಣ ಚಾರ್ಜರ್ ಎಳೆಯುವುದು 14 ಆಂಪಿಯರ್, 7.2 ಕಿಲೋವ್ಯಾಟಿನದಾದರೆ 31. ಅದೂ ಗಂಟೆಗಟ್ಟಲೆ, ಹೆಚ್ಚಾಗಿ ಮನೆಮಂದಿ ಮಲಗಿದ ಮೇಲೆ. ಪ್ರವಾಹ ಇಮ್ಮಡಿಯಾದರೆ ಅದೇ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಮಡಿಯಾಗುತ್ತದೆ. ದೀಪ, ಫ್ಯಾನುಗಳಿಗೆಂದು ಎಳೆದ ಒಂದೂವರೆ ಚದರ ಮಿಲಿಮೀಟರಿನ ತಂತಿ ಈ ಹೊರೆಗೆ ತಕ್ಕದ್ದಲ್ಲ. ದೊಡ್ಡ ಚಾರ್ಜರಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕವಾಗಿ, 6 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ತಂತಿ ಬೇಕು. ದೂರ ಹೆಚ್ಚಿದ್ದರೆ ಇನ್ನೂ ದಪ್ಪನೆಯದು.

ಬಿಗಿಯಾಗದ ಒಂದು ಸ್ಕ್ರೂ ಇದಕ್ಕಿಂತಲೂ ಅಪಾಯಕಾರಿ. ಸಡಿಲ ಜೋಡಣೆಯಲ್ಲಿ ಶಾಖ ಏರುತ್ತದೆಯೇ ಹೊರತು ಪ್ರವಾಹ ಏರುವುದಿಲ್ಲ. ಆದ್ದರಿಂದ ಎಂಸಿಬಿ ಬೀಳುವುದೇ ಇಲ್ಲ. ಪ್ಲಾಸ್ಟಿಕ್ ಕರಗಿ ವಾಸನೆ ಬಂದಾಗಲೇ ಎಚ್ಚರ.

ಅರ್ಥಿಂಗಿನದು ಬೇರೆಯೇ ಕಥೆ. ಈ ಭಾಗದ ಕಪ್ಪು ಮಣ್ಣು ಮಳೆಗಾಲದಲ್ಲಿ ಹಸಿ, ಬೇಸಿಗೆಯಲ್ಲಿ ಬಿರುಕು. ಆಷಾಢದಲ್ಲಿ ಸರಿಯಿದ್ದ ಅರ್ಥಿಂಗ್ ಗುಂಡಿ ಚೈತ್ರಕ್ಕೆ ಕೈಕೊಡಬಹುದು. ಕಾರಿನ ಲೋಹದ ಮೈಗೆ ವಿದ್ಯುತ್ ಸೋರಿದರೆ ಅದು ನೆಲಕ್ಕಿಳಿಯುವ ದಾರಿ ಕಾರು ಮುಟ್ಟಿದವರ ಮೈಯೇ ಆದೀತು. 30 ಮಿಲಿಆಂಪಿಯರ್ ಸೋರಿಕೆಗೇ ಸರಬರಾಜು ಕಡಿಯುವ ಆರ್‌ಸಿಸಿಬಿ ಇರಲೇಬೇಕೆನ್ನುವುದು ಇದಕ್ಕಾಗಿ.

2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ವಿದ್ಯುತ್ ಸ್ಕೂಟರ್ ಮಳಿಗೆಯಲ್ಲಿ ಹತ್ತಿದ ಬೆಂಕಿ, ಹೊಗೆ ಮೇಲಿನ ವಸತಿಗೃಹಕ್ಕೆ ಹಬ್ಬಿ ಎಂಟು ಜನ ಸತ್ತರು. ಇಂಥ ಸುದ್ದಿ ಓದಿದವರ ಭಯವೆಲ್ಲ ಬ್ಯಾಟರಿಯ ಮೇಲೆ. ಗೋಡೆಯ ಕಡೆ ನೋಡುವವರು ವಿರಳ.

ಸಹಿ ಯಾರದು?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದೀಪ, ಫ್ಯಾನು, ಫ್ಯೂಸು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ ಉಳಿದ ವೈರಿಂಗನ್ನು ಲೈಸೆನ್ಸ್ ಇರುವ ಗುತ್ತಿಗೆದಾರನೇ ವಹಿಸಿಕೊಳ್ಳಬೇಕು; ಅರ್ಹತಾ ಪತ್ರವಿರುವ ಮೇಲ್ವಿಚಾರಕ ಎದುರಿಗಿರಬೇಕು; ಕೆಲಸ ಮಾಡುವವನ ಬಳಿ ಪರ್ಮಿಟ್ ಇರಬೇಕು. 1956ರ ವಿದ್ಯುತ್ ನಿಯಮಗಳಲ್ಲಿದ್ದ ಈ ಕಟ್ಟಳೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳಲ್ಲೂ ಉಳಿದಿದೆ.

ಒಳಗುತ್ತಿಗೆಯಲ್ಲಿ ಮುರಿಯುವುದು ಈ ಕೊಂಡಿಯೇ. ಕಾಗದದ ಮೇಲೆ ಸಹಿ ಹಾಕಿದವರು ಗೋಡೆ ನೋಡಿರುವುದಿಲ್ಲ. ಗೋಡೆ ಕೊರೆದವನ ಹೆಸರು ಕಾಗದದಲ್ಲಿರುವುದಿಲ್ಲ. ಅವಘಡವಾದ ದಿನ ಶೋರೂಮು ಏಜೆನ್ಸಿಯನ್ನು, ಏಜೆನ್ಸಿ ಗುತ್ತಿಗೆದಾರನನ್ನು ತೋರಿಸಿದರೆ, ಕೊನೆಗೆ ಸಿಕ್ಕಿಬೀಳುವವನು ವಿಮೆಯೂ ಇಲ್ಲದ ಆ ಹುಡುಗ. ಸುಟ್ಟ ಗೋಡೆ ಮನೆಯವರ ಪಾಲಿಗೆ.

ಗ್ರಾಹಕ ಮಾಡಬೇಕಾದ್ದು ಹೆಚ್ಚೇನಿಲ್ಲ. ಮನೆಗೆ ಮಂಜೂರಾದ ಹೊರೆ ಎಷ್ಟೆಂದು ಹೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ, ಸಾಲದಿದ್ದರೆ ಮೊದಲೇ ಹೆಚ್ಚಿಸಿಕೊಳ್ಳುವುದು. ಬಂದವನ ಪರ್ಮಿಟ್ ನೋಡಿ, ಗುತ್ತಿಗೆದಾರನ ಲೈಸೆನ್ಸ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು. ಗೋಡೆ ಮುಚ್ಚುವ ಮುನ್ನ ತಂತಿಯ ಫೋಟೋ ತೆಗೆದಿಡುವುದು. ಅರ್ಥಿಂಗನ್ನು ಮೀಟರ್ ಹಚ್ಚಿ ಅಳೆಸುವುದು. ಮೊದಲ ವಾರ ಚಾರ್ಜ್ ಆಗುವಾಗ ಪ್ಲಗ್ಗಿನ ಹೊರಮೈ ಕೈ ಸುಡುವಷ್ಟು ಬಿಸಿಯಾದರೆ ಕೂಡಲೇ ನಿಲ್ಲಿಸಿ ಗುತ್ತಿಗೆದಾರನನ್ನೇ ಕರೆಸುವುದು.

ಕಬ್ಬು ಕಡಿಸುವ ರೈತ ಮೊದಲು ಕೇಳುವುದು "ಗ್ಯಾಂಗ್ ಯಾರ್ದರಿ?" ಎಂದು. ಹೆಸರು ಗೊತ್ತಾಗದೆ ಅವನು ಹೊಲಕ್ಕೆ ಬಿಡುವುದಿಲ್ಲ. ಹೊಲಕ್ಕೆ ಇರುವ ಆ ಎಚ್ಚರ, ಮಕ್ಕಳು ಮಲಗುವ ಮನೆಗೂ ಇರಲಿ.