ಪೆಡಲ್ ಕಲ್ಲಾದಾಗ ಗಾಳಿಯ ಲೆಕ್ಕ

ಕೆಲವು ಹಳೆಯ ಕಾರುಗಳ ಬಾನೆಟ್ ಎತ್ತಿದರೆ, ಚಾಲಕನ ಕಾಲಿನ ನೇರಕ್ಕೆ, ಎಂಜಿನ್ನಿಗೂ ಆಸನಗಳಿಗೂ ನಡುವೆ ಇರುವ ತಗಡಿನ ಗೋಡೆಗೆ ಅಂಟಿಕೊಂಡಂತೆ ಊಟದ ತಟ್ಟೆಯಗಲದ ಒಂದು ಕರಿ ಡಬ್ಬಿ ಕಾಣುತ್ತದೆ. ಅದರ ಮೂತಿಗೆ ಬ್ರೇಕಿನ ಮಾಸ್ಟರ್ ಸಿಲಿಂಡರ್, ಬದಿಗೆ ಹೆಬ್ಬೆರಳು ಗಾತ್ರದ ಒಂದು ರಬ್ಬರ್ ಪೈಪು. ಇದೇ ಬ್ರೇಕ್ ಬೂಸ್ಟರ್. ಬ್ರಿಟನ್ನಿನ ಎಂ.ಜಿ.ಬಿ.ಯಂತಹ ಕೆಲವು ಕಾರುಗಳಲ್ಲಿ ಅದು ಪೆಡಲಿನಿಂದ ದೂರ, ಎಂಜಿನ್ ಕೋಣೆಯ ಬೇರೊಂದು ಮೂಲೆಯಲ್ಲಿ ಕುಳಿತಿರುವುದೂ ಉಂಟು.

ನಮ್ಮ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳ ಹಳೆಯ ಮಾದರಿಗಳಲ್ಲಿ ಈ ಡಬ್ಬಿ ಇರಲಿಲ್ಲ. ಅಲ್ಲಿ ಕಾಲಿನ ಬಲವೇ ಬಲ. ಅಂಥ ಕಾರುಗಳ ಮೇಲೆ ಕೈ ಪಳಗಿಸಿಕೊಂಡ ಮೆಕ್ಯಾನಿಕ್‌ನ ಮುಂದೆ ಬೂಸ್ಟರ್ ಇರುವ ಹಳೆಯ ಕಾರು ನಿಲ್ಲಿಸಿ 'ಪೆಡಲ್ ಗಟ್ಟಿ' ಎಂದರೆ, 'ಬೂಸ್ಟರ್ ಹೋಗಿದೆ, ಬದಲಿಸಬೇಕು' ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಹಳೆಯ ಕಾರಿಗೆ ಹೊಸ ಬೂಸ್ಟರ್ ಸಿಗುವುದು ಸುಲಭವಲ್ಲ, ಸಿಕ್ಕರೂ ಅಗ್ಗವಲ್ಲ. ಎಷ್ಟೋ ಸಲ ತಪ್ಪು ಬೂಸ್ಟರಿನದೇ ಆಗಿರುವುದಿಲ್ಲ. ಅದನ್ನು ಕಂಡುಹಿಡಿಯಲು ಬೇಕಾದದ್ದು ಹೈಸ್ಕೂಲಿನ ವಿಜ್ಞಾನದ ಪುಸ್ತಕದಲ್ಲೇ ಇದೆ.

1650ರ ದಶಕದಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗ್ ನಗರದ ಮೇಯರ್ ಆಟೊ ಫಾನ್ ಗೆರಿಕೆ ಎರಡು ಲೋಹದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿಯನ್ನು ಹೊರಗೆಳೆದು, ಎರಡೂ ಕಡೆ ಕುದುರೆಗಳನ್ನು ಕಟ್ಟಿ ಎಳೆಸಿದ ಕಥೆ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಗೋಳಗಳನ್ನು ಹಿಡಿದಿಟ್ಟದ್ದು ಒಳಗಿನ ನಿರ್ವಾತವಲ್ಲ, ಹೊರಗಿನ ವಾಯುಮಂಡಲದ ಒತ್ತಡ. ಅದೇ ಒತ್ತಡವನ್ನು ಬ್ರೇಕ್ ಒತ್ತಲು ದುಡಿಸಿಕೊಂಡವನು ಬೆಲ್ಜಿಯಂನ ಎಂಜಿನಿಯರ್ ಆಲ್ಬರ್ಟ್ ಡೆವಾಂಡ್ರ್. ಅವನ ವಿಧಾನದ ಸರ್ವೋ ಬ್ರೇಕನ್ನು ಬಾಷ್ ಕಂಪನಿ 1927ರಲ್ಲಿ ತಯಾರಿಸತೊಡಗಿತು.

ಡಬ್ಬಿಯ ಒಳಗೆ ಡಯಾಫ್ರಾಮ್ ಎಂಬ ರಬ್ಬರ್ ಪೊರೆಯೊಂದು ಅದನ್ನು ಎರಡು ಕೋಣೆಗಳಾಗಿ ಭಾಗ ಮಾಡಿದೆ. ಪೆಟ್ರೋಲ್ ಎಂಜಿನ್ ಗಾಳಿಯನ್ನು ಹೀರುವಾಗ ಅದರ ಹಾದಿಯಲ್ಲಿ ಥ್ರಾಟಲ್ ಎಂಬ ಬಾಗಿಲು ಅಡ್ಡ ನಿಂತಿರುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಬಾಗಿಲು ಬಹುತೇಕ ಮುಚ್ಚಿ, ಅದರ ಹಿಂದೆ ಭಾಗಶಃ ನಿರ್ವಾತ ಉಂಟಾಗುತ್ತದೆ. ಬ್ರೇಕ್ ಬೇಕಾಗುವುದೂ ಸರಿಯಾಗಿ ಆ ಹೊತ್ತಿಗೇ! ರಬ್ಬರ್ ಪೈಪಿನ ಮೂಲಕ ಎಂಜಿನ್ ಎರಡೂ ಕೋಣೆಗಳ ಗಾಳಿಯನ್ನು ಎಳೆದಿಟ್ಟಿರುತ್ತದೆ. ನೀವು ಪೆಡಲ್ ತುಳಿದೊಡನೆ ಒಳಗಿನ ಕವಾಟವೊಂದು ಎರಡು ಕೋಣೆಗಳ ಸಂಪರ್ಕ ಮುಚ್ಚಿ, ಹಿಂದಿನ ಕೋಣೆಗೆ ಹೊರಗಿನ ಗಾಳಿಯನ್ನು ಬಿಡುತ್ತದೆ. ಗಾಳಿ ಪೊರೆಯನ್ನು ಮುಂದಕ್ಕೆ ನೂಕುತ್ತದೆ, ಪೊರೆಗೆ ಸೇರಿದ ಸರಳು ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ.

ಎಷ್ಟು ಬಲ? ಪೊರೆಯ ವ್ಯಾಸ 23 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ವಿಸ್ತೀರ್ಣ ಸುಮಾರು 415 ಚದರ ಸೆಂಟಿಮೀಟರ್. ಮಂಗಳೂರಿನಲ್ಲಿ ಆರೋಗ್ಯವಾಗಿರುವ ಎಂಜಿನ್ ಐಡ್ಲಿಂಗ್‌ನಲ್ಲಿ 19 ಇಂಚು ಪಾದರಸದಷ್ಟು ನಿರ್ವಾತ ಕೊಟ್ಟರೆ, ಒತ್ತಡದ ವ್ಯತ್ಯಾಸ ಚದರ ಸೆಂಟಿಮೀಟರಿಗೆ 0.65 ಕಿಲೋ. ಗುಣಿಸಿ ನೋಡಿ: 270 ಕಿಲೋ. ಒಳಗಿನ ಸ್ಪ್ರಿಂಗು ಮುಂತಾದವುಗಳ ಲೆಕ್ಕ ಕಳೆದರೂ, ಮೂರು ನಾಲ್ಕು ಜನ ವಯಸ್ಕರು ಸೇರಿ ಒತ್ತಿದಷ್ಟು.

ಅದೇ ಕಾರನ್ನು ಬೆಂಗಳೂರಿಗೆ ತನ್ನಿ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರಿನಲ್ಲಿ ಗಾಳಿಯ ಒತ್ತಡವೇ ಸುಮಾರು ಶೇಕಡ 10ರಷ್ಟು ಕಡಿಮೆ. ಮಾಪಕ 16 ಇಂಚಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಬಲ 230 ಕಿಲೋಗೆ ಇಳಿಯುತ್ತದೆ. ವಿದೇಶಿ ಕೈಪಿಡಿಯ ಅಂಕಿಗಳು ಸಾಮಾನ್ಯವಾಗಿ ಸಮುದ್ರಮಟ್ಟದವು. ಅದನ್ನು ಮರೆತರೆ ಸರಿಯಾಗಿಯೇ ಇರುವ ಎಂಜಿನ್ನನ್ನು ಬಿಚ್ಚಿ ಹರಡುವ ಪ್ರಸಂಗ ಬಂದೀತು.

ಇನ್ನು ರೋಗಪರೀಕ್ಷೆ. ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಬ್ರೇಕ್ ಪೈಪಿನಲ್ಲಿ ಗಾಳಿ ಸೇರಿದೆ ಎಂದು ಶಂಕಿಸಬೇಕು. ಒತ್ತಿ ಹಿಡಿದಾಗ ಮೆಲ್ಲಗೆ ಕುಸಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ ವಾಷರ್ ಸವೆದಿರಬಹುದು, ಇಲ್ಲವೇ ಎಲ್ಲೋ ಆಯಿಲ್ ಸೋರುತ್ತಿರಬಹುದು. ಇವೆರಡೂ ಬೂಸ್ಟರಿನ ದೂರುಗಳಲ್ಲ. ಕಲ್ಲಿನಂತೆ ಗಟ್ಟಿಯಾಗಿ, ಎಷ್ಟು ತುಳಿದರೂ ಕಾರು ನಿಧಾನವಾಗಿಯೇ ನಿಲ್ಲುತ್ತಿದ್ದರೆ ಮಾತ್ರ ಈ ಡಬ್ಬಿಯ ಕಡೆ ತಿರುಗಬೇಕು.

ಮೂರು ಪರೀಕ್ಷೆಗಳಿವೆ, ಒಂದಕ್ಕೂ ಸ್ಪ್ಯಾನರ್ ಬೇಡ. ಕಾರು ಸಮತಟ್ಟಾದ ಬಯಲಲ್ಲಿರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಚಾಲಕನ ಸೀಟಿನಲ್ಲಿ ಕಾರು ಓಡಿಸಬಲ್ಲ ಹಿರಿಯರು ಕೂರಲಿ, ಮಕ್ಕಳು ಹೊರಗೆ ನಿಂತು ಕಿವಿಗೊಡಲಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸುವುದು ಬೇಡವೇ ಬೇಡ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ.

ಎಂಜಿನ್ ಆರಿಸಿ ಪೆಡಲನ್ನು ಐದಾರು ಸಲ ತುಳಿಯಿರಿ. ಕೂಡಿಟ್ಟಿದ್ದ ನಿರ್ವಾತವೆಲ್ಲ ಖರ್ಚಾಗಿ ಪೆಡಲ್ ಗಟ್ಟಿಯಾಗುತ್ತದೆ. ಕಾಲನ್ನು ಹಾಗೆಯೇ ಇಟ್ಟು ಎಂಜಿನ್ ಚಾಲೂ ಮಾಡಿ. ಪೆಡಲ್ ತಾನಾಗಿ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ, ನಿರ್ವಾತ ಡಬ್ಬಿಗೆ ತಲುಪುತ್ತಿಲ್ಲ ಅಥವಾ ಅಲ್ಲಿ ನಿಲ್ಲುತ್ತಿಲ್ಲ. ಎರಡನೆಯದಾಗಿ, ಎರಡು ನಿಮಿಷ ಎಂಜಿನ್ ಓಡಿಸಿ ಆರಿಸಿ, ಬಿಟ್ಟುಬಿಟ್ಟು ಮೂರು ಸಲ ತುಳಿಯಿರಿ. ಮೊದಲ ಸಲ ಆಳಕ್ಕೆ, ನಂತರ ಒಂದಕ್ಕಿಂತ ಒಂದು ಮೇಲಕ್ಕೆ ನಿಲ್ಲಬೇಕು. ಮೊದಲ ತುಳಿತಕ್ಕೇ ಕಲ್ಲಾಗಿದ್ದರೆ ಎಲ್ಲೋ ಗಾಳಿ ನುಸುಳುತ್ತಿದೆ. ಮೂರನೆಯದು, ಎಂಜಿನ್ ಓಡುವಾಗ ಪೆಡಲ್ ಒತ್ತಿ ಹಿಡಿದು, ಹಾಗೆಯೇ ಎಂಜಿನ್ ಆರಿಸಿ ಅರ್ಧ ನಿಮಿಷ ಕಾಯುವುದು. ಪೆಡಲ್ ಕಾಲನ್ನು ಮೇಲಕ್ಕೆ ತಳ್ಳಿದರೆ ಬ್ರೇಕ್ ಒತ್ತಿದ ಸ್ಥಿತಿಯಲ್ಲಿ ಸೋರಿಕೆ ಇದೆ ಎಂದು ತಿಳಿಯಬೇಕು.

ಕಿವಿಗೂ ಕೆಲಸವಿದೆ. ಪೆಡಲ್ ತುಳಿದ ಕ್ಷಣ 'ಉಸ್' ಎಂದು ಚಿಕ್ಕ ಸದ್ದು ಬಂದು ನಿಂತರೆ ಅದು ಗಾಳಿ ಒಳಹೋಗುವ ಸಹಜ ಸದ್ದು. ಕಾಲು ಇಟ್ಟಷ್ಟು ಹೊತ್ತೂ ಉಸುಗುಡುತ್ತಾ, ಜೊತೆಗೆ ಎಂಜಿನ್ನಿನ ಐಡ್ಲಿಂಗ್ ತಡವರಿಸಿದರೆ ಪೊರೆ ಹರಿದಿದೆ ಅಥವಾ ಕವಾಟ ಕೂರುತ್ತಿಲ್ಲ.

ಪರೀಕ್ಷೆಯಲ್ಲಿ ಫೇಲಾದರೂ ಡಬ್ಬಿಗೆ ಕೈ ಹಾಕುವ ಮೊದಲು ಪೈಪು ನೋಡಿ. ಹಳೆಯ ರಬ್ಬರ್ ಹೊರಗೆ ಗಟ್ಟಿಮುಟ್ಟಾಗಿ ಕಂಡರೂ ಒಳಗೆ ಊದಿ ಮುಚ್ಚಿಕೊಂಡಿರಬಹುದು. ಕೆಲವರು ಅಲ್ಲಿ ನೀರಿನ ಪೈಪಿನ ತುಂಡು ಹಾಕಿರುತ್ತಾರೆ, ಅದು ನಿರ್ವಾತಕ್ಕೆ ಚಪ್ಪಟೆಯಾಗಿಬಿಡುತ್ತದೆ. ಪೈಪು ಡಬ್ಬಿಗೆ ಸೇರುವಲ್ಲಿ ಸಾಮಾನ್ಯವಾಗಿ ಗಾಳಿಯನ್ನು ಎಂಜಿನ್ ಕಡೆಗೆ ಮಾತ್ರ ಬಿಡುವ ಏಕಮುಖ ಕವಾಟವಿರುತ್ತದೆ. ಬಿಚ್ಚಿ ಒರೆಸಿ ಊದಿ ನೋಡಿದರಾಯಿತು. ಎರಡೂ ಕಡೆಗೆ ಗಾಳಿ ಹೋದರೆ ಬದಲಿಸಬೇಕು, ಬೂಸ್ಟರಿನ ಬೆಲೆಯ ಮುಂದೆ ಇದರ ಬೆಲೆ ಏನೂ ಅಲ್ಲ. ಮರ್ಸಿಡಿಸ್‌ನ ಡಬ್ಲ್ಯು 123ರಂತಹ ಹಳೆಯ ಡೀಸೆಲ್ ಕಾರಾದರೆ ದಾರಿ ಬೇರೆ. ಆ ಎಂಜಿನ್ನಿನಲ್ಲಿ ನಿರ್ವಾತ ಹುಟ್ಟಿಸುವ ಥ್ರಾಟಲ್ ಬಾಗಿಲಿಲ್ಲ, ಅದಕ್ಕೆಂದೇ ಒಂದು ಪಂಪು ಇರುತ್ತದೆ. ಪಂಪು ಸವೆದರೆ ಹೊಸ ಬೂಸ್ಟರ್ ಹಾಕಿಯೂ ಪೆಡಲ್ ಕಲ್ಲಾಗಿಯೇ ಉಳಿಯುತ್ತದೆ.

ಎಲ್ಲಕ್ಕಿಂತ ಮೋಸದ ತೊಂದರೆ ಇನ್ನೊಂದಿದೆ. ಬ್ರೇಕ್ ಆಯಿಲ್ ತಿಂಗಳು ತಿಂಗಳಿಗೆ ಕಡಿಮೆಯಾಗುತ್ತದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ, ಹೊಗೆಕೊಳವೆಯಲ್ಲಿ ಮಾತ್ರ ಬಿಳಿಹೊಗೆ. ಮಾಸ್ಟರ್ ಸಿಲಿಂಡರಿನ ಹಿಂಬದಿಯ ವಾಷರ್ ಸವೆದು ಆಯಿಲ್ ಬೂಸ್ಟರಿನೊಳಗೆ ಇಳಿಯುತ್ತಿದೆ, ಅಲ್ಲಿಂದ ಎಂಜಿನ್ ಅದನ್ನು ಹೀರಿ ಸುಡುತ್ತಿದೆ! ಮಾಸ್ಟರ್ ಸಿಲಿಂಡರಿನ ನಟ್ಟುಗಳನ್ನು ಬಿಚ್ಚಿ ತುಸು ಮುಂದಕ್ಕೆ ಸರಿಸಿದರೆ ಡಬ್ಬಿಯ ಮೂತಿ ಒದ್ದೆಯಾಗಿರುವುದು ಕಾಣುತ್ತದೆ. ಆ ಆಯಿಲ್ ಡಬ್ಬಿಯ ಬಣ್ಣವನ್ನು ಕಿತ್ತು ತುಕ್ಕಿಗೆ ದಾರಿ ಮಾಡುತ್ತದೆ, ಪೊರೆಯನ್ನೂ ಕೆಡಿಸುತ್ತದೆ. ಹೀಗಿರುವಾಗ ಬೂಸ್ಟರ್ ಒಂದನ್ನೇ ಬದಲಿಸಿದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ.

ಪರೀಕ್ಷೆ ಮನೆಯಲ್ಲಿ, ಬಿಚ್ಚುವ ಕೆಲಸ ಮಾತ್ರ ತಿಳಿದವರ ಕೈಯಲ್ಲಿ. ಡಬ್ಬಿಯ ಎರಡು ಹೋಳುಗಳ ನಡುವೆ ಬಲವಾದ ಸ್ಪ್ರಿಂಗ್ ಅದುಮಿ ಕೂತಿರುತ್ತದೆ, ತಕ್ಕ ಸಾಧನವಿಲ್ಲದೆ ತಿರುಗಿಸಿ ತೆರೆದರೆ ಮುಖಕ್ಕೇ ಹಾರೀತು. ಆದರೂ ತಂದೆತಾಯಿಗಳು ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ರಬ್ಬರ್ ಭಾಗಗಳನ್ನು ಯಾವುದರಿಂದ ತೊಳೆದಿರಿ? ಸೀಮೆಎಣ್ಣೆ, ಪೆಟ್ರೋಲ್ ಎಂದರೆ ಆ ರಬ್ಬರ್ ಊದಿಕೊಳ್ಳುತ್ತದೆ. ಸ್ಪಿರಿಟ್ ಅಥವಾ ಶುದ್ಧ ಬ್ರೇಕ್ ಆಯಿಲ್ ಆಗಬೇಕು. ಸರಳಿಗೂ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿಗೂ ನಡುವಿನ ಸಂದು ನೋಡಿದಿರಾ? ಹಲವು ಕಾರುಗಳಲ್ಲಿ ಅದು ಒಂದು ಮಿಲಿಮೀಟರಿಗಿಂತ ಕಡಿಮೆ. ಸಂದೇ ಇಲ್ಲದಿದ್ದರೆ ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಾ ಕಾಯುತ್ತದೆ, ಹೆಚ್ಚಾದರೆ ಪೆಡಲ್ ಅರ್ಧ ಹಾದಿ ವ್ಯರ್ಥವಾಗಿ ಹೋಗುತ್ತದೆ. ಸರಳಿನ ತುದಿಗೆ ಮಕ್ಕಳಾಡುವ ಜೇಡಿಯ ಚೂರು ಅಂಟಿಸಿ, ಒಮ್ಮೆ ಜೋಡಿಸಿ ಬಿಚ್ಚಿ, ಅದು ಎಷ್ಟು ತೆಳುವಾಯಿತೆಂದು ಅಳೆಯುವ ಉಪಾಯ ಗ್ಯಾರೇಜುಗಳಲ್ಲಿ ಹಳೆಯದು.

ಘಟ್ಟದ ರಸ್ತೆಯ ಮಾತನ್ನು ಇಲ್ಲಿ ಹೇಳಲೇಬೇಕು. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ಎಂಜಿನ್ ಆರಿಸಿ ಕಾರನ್ನು ಜಾರಲು ಬಿಡುವ ಚಾಳಿ ಕೆಲವರಿಗಿದೆ. ಬೂಸ್ಟರ್ ಇಲ್ಲದ ಕಾರಿನಲ್ಲೂ ಅದು ತಪ್ಪೇ. ಬೂಸ್ಟರ್ ಇರುವ ಕಾರಿನಲ್ಲಂತೂ ಎರಡನೆಯ ಪರೀಕ್ಷೆಯನ್ನು ನೆನಪಿಸಿಕೊಳ್ಳಿ: ಎಂಜಿನ್ ನಿಂತ ಮೇಲೆ ಡಬ್ಬಿಯಲ್ಲಿ ಉಳಿದಿರುವುದು ಎರಡು ಮೂರು ತುಳಿತಕ್ಕಾಗುವಷ್ಟು ನಿರ್ವಾತ ಮಾತ್ರ. ಆಗುಂಬೆಯಲ್ಲಿರುವ ಹೇರ್‌ಪಿನ್ ತಿರುವುಗಳು ಹದಿನಾಲ್ಕು. ಎಂಜಿನ್ ಓಡುತ್ತಲೇ ಇರಲಿ, ಹತ್ತುವಾಗ ಬೇಕಾದ ಕೆಳಗೇರಿನಲ್ಲೇ ಇಳಿಯಿರಿ. ಆದರೂ ದಾರಿಯಲ್ಲಿ ಪೆಡಲ್ ಕಲ್ಲಾಯಿತೆನ್ನಿ, ಮತ್ತೆ ಮತ್ತೆ ತುಳಿದು ಬಿಡುವುದು ಬೇಡ, ಉಳಿದದ್ದೂ ಖರ್ಚಾಗುತ್ತದೆ. ಬ್ರೇಕ್ ಸತ್ತಿಲ್ಲ, ಗಾಳಿಯ ಸಹಾಯ ಮಾತ್ರ ತಪ್ಪಿದೆ. ಬೇಕಾದರೆ ಎರಡೂ ಕಾಲು ಹಾಕಿ ಬಲವಾಗಿ ಒತ್ತಿ ಹಿಡಿಯಿರಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು ಗುಡ್ಡದ ಬದಿಗೆ ನಿಲ್ಲಿಸಿ.