ಡಿಗ್ರಿ ಬಂದಿಲ್ಲ ಅಂದರೆ ನೀರು ಹಾಕಿದ್ದಾರೆ ಅಂತಲ್ಲ

ಮಾಲೂರು ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ಹಸು ಕರೆದು ಬಿಸಿಬಿಸಿ ಹಾಲನ್ನೇ ಡೇರಿಗೆ ಒಯ್ದರೆ ಡಿಗ್ರಿ 26 ಬರುತ್ತೆ. ಅದೇ ಹಾಲನ್ನು ಮನೆಯಲ್ಲಿಟ್ಟು ಮಧ್ಯಾಹ್ನ ನೋಡಿದರೆ 29. ಒಂದು ತೊಟ್ಟು ನೀರು ಹಾಕಿಲ್ಲ. ಸುಳ್ಳು ಹೇಳ್ತಿರೋದು ಹಾಲೋ, ಮೀಟರೋ?’

ಪ್ರಶ್ನೆ ಓದಿ ಖುಷಿಯಾಯಿತು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಊರೂರಲ್ಲೂ ಸೀಮೆಹಸು ಸಾಕಿದವರು ದಿನಕ್ಕೆರಡು ಸಲ ಡೇರಿ ಮುಂದೆ ಸಾಲು ನಿಂತು ಎದುರಿಸುವ ಭೌತಶಾಸ್ತ್ರದ ಪರೀಕ್ಷೆ ಇದು. ಸಾಂದ್ರತೆ ಎಂದರೆ ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದ್ದು, ಅಷ್ಟೇ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ, ಅಷ್ಟೇ ಹಾಲು 1028ರಿಂದ 1030 ಗ್ರಾಂ ತೂಗುತ್ತದೆ. ಆ ಹೆಚ್ಚುವರಿ 28, 30ನ್ನೇ ನಾವು ಡಿಗ್ರಿ ಅನ್ನುವುದು. ದ್ರವ ಸಾಂದ್ರವಾದಷ್ಟೂ ಡಿಗ್ರಿ ಅಳೆಯುವ ಲ್ಯಾಕ್ಟೋಮೀಟರಿನ ಬುರುಡೆ ಮೇಲೆ ತೇಲುತ್ತದೆ, ತೆಳುವಾದಷ್ಟೂ ಮುಳುಗುತ್ತದೆ.

ಮೀಟರಿನ ಮೇಲೆ ನಂಬಿಕೆ ಇಲ್ಲದವರು ಮನೆಯಲ್ಲೇ ಲೆಕ್ಕ ಹಾಕಬಹುದು. ಖಾಲಿ ಬಾಟಲಿ 50 ಗ್ರಾಂ. ಬಾಯಿಮಟ್ಟ ನೀರು ತುಂಬಿದರೆ 550. ನೀರು ಚೆಲ್ಲಿ ಅಷ್ಟೇ ಹಾಲು ತುಂಬಿದರೆ 565 ಎಂದಿಟ್ಟುಕೊಳ್ಳಿ. ಹಾಲು 515, ನೀರು 500. ಭಾಗಿಸಿದರೆ 1.03. ನಿಮ್ಮ ಡಿಗ್ರಿ 30.

ಈಗ ಆ 26ರ ಕಥೆ. ಕೆಚ್ಚಲಿನಿಂದ ಇಳಿದ ಹಾಲು ಹಸುವಿನ ಮೈಯಷ್ಟೇ ಬಿಸಿ, ಹತ್ತಿರ ಹತ್ತಿರ 38 ಡಿಗ್ರಿ ಸೆಲ್ಸಿಯಸ್. ನಮ್ಮ ದೇಶದ ಮಾನಕ ಲ್ಯಾಕ್ಟೋಮೀಟರ್ ಸರಿಯಾಗಿ ಓದುವುದು 27 ಡಿಗ್ರಿಯಲ್ಲಿ. ಬಿಸಿಯಾದ ಹಾಲು ಹಿಗ್ಗಿರುತ್ತದೆ. ತೂಕ ಅಷ್ಟೇ, ಗಾತ್ರ ಮಾತ್ರ ಜಾಸ್ತಿ. ಒಂದು ಡಿಗ್ರಿ ಬಿಸಿ ಹೆಚ್ಚಿದಂತೆ ಮೀಟರಿನಲ್ಲಿ ಸುಮಾರು 0.2 ಇಳಿಯುತ್ತದೆ. ಹತ್ತು ಡಿಗ್ರಿಗೆ ಎರಡು ಹೋಯಿತು. ಜೊತೆಗೆ ಕರೆಯುವಾಗ ಸೇರಿದ ಗಾಳಿ, ನೊರೆ.

ಉಳಿದ ಒಂದು? ನನಗೆ ಬಹಳ ಇಷ್ಟವಾದ ಸಂಗತಿ ಅದು. ತಣ್ಣಗಾದ ಮೇಲೂ ಹಾಲಿನ ಸಾಂದ್ರತೆ ಗಂಟೆಗಟ್ಟಲೆ ನಿಧಾನವಾಗಿ ಏರುತ್ತಲೇ ಇರುತ್ತದೆ. ಇದನ್ನು 19ನೇ ಶತಮಾನದಲ್ಲೇ ಜರ್ಮನಿಯ ರೆಕ್‌ನಾಗೆಲ್ ಎಂಬಾತ ಗಮನಿಸಿದ್ದ. ಈಗಲೂ ಅವನ ಹೆಸರಲ್ಲೇ ಕರೆಯುತ್ತಾರೆ. ಹಾಲಿನೊಳಗಿನ ಕೊಬ್ಬಿನ ಸಣ್ಣ ಸಣ್ಣ ಹನಿಗಳು ತಕ್ಷಣ ಗಟ್ಟಿಯಾಗುವುದಿಲ್ಲ, ಹೊತ್ತು ತೆಗೆದುಕೊಳ್ಳುತ್ತವೆ. ಗಟ್ಟಿಯಾದಂತೆ ಕುಗ್ಗುತ್ತವೆ. ಅರ್ಧ ದಿನದಲ್ಲಿ ಒಂದು ಡಿಗ್ರಿಯಷ್ಟು ಏರಿಕೆ. ಓದುಗರ ಲೆಕ್ಕ ಸರಿಹೋಯಿತಲ್ಲ!

ಇದರ ತಿರುವುಮುರುವೂ ನಿಜ. ಹಾಲು ತಣ್ಣಗಿದ್ದರೆ ಮೀಟರ್ ಹೆಚ್ಚು ತೋರಿಸುತ್ತದೆ. ಡಿಸೆಂಬರ್ ಚಳಿಯಲ್ಲಿ ಸ್ವಲ್ಪ ನೀರು ಕುಡಿದ ಹಾಲೂ ಪಾಸಾಗುತ್ತದೆ, ಬೇಸಿಗೆಯಲ್ಲಿ ಪ್ರಾಮಾಣಿಕನ ಹಾಲೂ ಫೇಲಾಗುತ್ತದೆ.

ಇನ್ನು ನಮ್ಮ ಜನರ ತಲೆಯಿಂದ ಇಳಿಯದ ಒಂದು ತಪ್ಪು: ಗಟ್ಟಿ ಹಾಲು ಎಂದರೆ ಕೆನೆ ಹಾಲು, ಕೆನೆ ಹಾಲು ಎಂದರೆ ಭಾರ. ಕೆನೆ ಭಾರವಾಗಿದ್ದರೆ ಪಾತ್ರೆಯ ತಳದಲ್ಲಿ ಕೂರಬೇಕಿತ್ತು, ಮೇಲೇಕೆ ಕಟ್ಟುತ್ತದೆ? ಹಾಲಿನ ಕೊಬ್ಬಿನ ಸಾಂದ್ರತೆ ಸುಮಾರು 0.93, ನೀರಿಗಿಂತಲೂ ಹಗುರ. ಹಾಲಿಗೆ ಭಾರ ಕೊಡುವುದು ಪ್ರೋಟೀನ್, ಸಕ್ಕರೆ, ಲವಣಗಳು, ಅಂದರೆ ಡೇರಿಯ ಚೀಟಿಯಲ್ಲಿ ಬರುವ ಎಸ್‌ಎನ್‌ಎಫ್. ಎಮ್ಮೆ ಹಾಲಿಗೆ ಡಿಗ್ರಿ ಜಾಸ್ತಿ ಬರುವುದೂ ಅದರಿಂದಲೇ, ಬೆಣ್ಣೆಯಿಂದಲ್ಲ.

ಕಳ್ಳರಿಗೆ ಇದು ಭೌತಶಾಸ್ತ್ರದ ಮೇಷ್ಟ್ರಿಗಿಂತ ಮೊದಲೇ ಗೊತ್ತಿತ್ತು. 30 ಡಿಗ್ರಿಯ ಹಾಲಿಗೆ ಹತ್ತರಲ್ಲೊಂದು ಪಾಲು ನೀರು ಸೇರಿದರೆ ಮೀಟರ್ 27ಕ್ಕೆ ಇಳಿದು ಸಿಕ್ಕಿಬೀಳುತ್ತದೆ. ಆದರೆ ಮೊದಲು ಕೆನೆ ತೆಗೆದರೆ? ಹಗುರವಾದದ್ದು ಹೋಗಿ ಉಳಿದದ್ದು 35ರ ಹತ್ತಿರ ಹೋಗುತ್ತದೆ. ಅದರ 85 ಪಾಲಿಗೆ 15 ಪಾಲು ನೀರು ಬೆರೆಸಿ. ಮತ್ತೆ 30! ಬೆಣ್ಣೆಯೂ ಮನೆಯಲ್ಲಿ, ನೀರಿಗೂ ದುಡ್ಡು. ಲ್ಯಾಕ್ಟೋಮೀಟರ್ ಒಂದನ್ನೇ ನಂಬಿದರೆ ಈ ಎರಡು ಕಳ್ಳತನಗಳು ಒಂದನ್ನೊಂದು ಮುಚ್ಚಿಹಾಕುತ್ತವೆ. ಡೇರಿಯಲ್ಲಿ ಫ್ಯಾಟ್ ಬೇರೆಯಾಗಿ ನೋಡುವುದು ಇದಕ್ಕೇ. ಸಕ್ಕರೆ, ಉಪ್ಪು, ಯೂರಿಯಾ ಬೆರೆಸಿ ಡಿಗ್ರಿ ಏರಿಸುವ ಪಾಪಿಗಳಿಗೆ ಬೇರೆ ಪರೀಕ್ಷೆಗಳಿವೆ.

ಶ್ರೀನಿವಾಸಪುರದ ಮಾವಿನ ತೋಟದವರಿಗೆ ಇದೆಲ್ಲ ಹೊಸದೇನಲ್ಲ. ಬಲಿತ ಕಾಯಿ ನೀರಲ್ಲಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಬಲಿತಂತೆ ಒಳಗೆ ಪಿಷ್ಟ ತುಂಬಿ ಸಾಂದ್ರತೆ ಒಂದನ್ನು ದಾಟುತ್ತದೆ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯ ಚಿನ್ನದ್ದು 19.3, ಅದನ್ನು ಹೊತ್ತ ಬೆಣಚುಕಲ್ಲಿನದು 2.65. ಅಷ್ಟು ಅಂತರವಿದ್ದರೆ ಹರಿಯುವ ನೀರೇ ಕಲ್ಲಿನ ಪುಡಿಯನ್ನು ಕೊಚ್ಚಿಕೊಂಡು ಹೋಗಿ ಚಿನ್ನವನ್ನು ಹಿಂದೆ ಬಿಡುತ್ತದೆ. ಹಾಲಿನ ಕಷ್ಟ ಏನೆಂದರೆ, ಇಡೀ ತೀರ್ಪು ಮೂರನೇ ದಶಮಾಂಶ ಸ್ಥಾನದಲ್ಲಿದೆ.

ಡಿಗ್ರಿ ಇಳಿದ ಕೂಡಲೇ ಕಣ್ಣು ಬಿತ್ತು ಎಂದು ಕೊಟ್ಟಿಗೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರಿದ್ದಾರೆ. ನಿಂಬೆಹಣ್ಣನ್ನು ಪಾನಕಕ್ಕೆ ಇಟ್ಟುಕೊಳ್ಳಿ. ಎಸ್‌ಎನ್‌ಎಫ್ ನಿಜವಾಗಿಯೂ ಇಳಿದಿದ್ದರೆ ಹಸುವಿಗೆ ಹಿಂಡಿ, ಮೇವು ಸಾಲುತ್ತಿಲ್ಲ, ಇಲ್ಲವೇ ಕೆಚ್ಚಲು ಬಾವು ಶುರುವಾಗಿದೆ, ಇಲ್ಲವೇ ಬಿಸಿಲಿಗೆ ಹಸು ಬಳಲಿದೆ. ಕರೆಸಬೇಕಾದ್ದು ಪಶುವೈದ್ಯರನ್ನು. ಹೆಬ್ಬೆರಳ ಉಗುರಿನ ಮೇಲೆ ಹನಿ ನಿಲ್ಲಿಸಿ ಶುದ್ಧತೆ ಹೇಳುವ ಜಾಣತನವೂ ಅಷ್ಟರಲ್ಲೇ ಇದೆ. ಅದು ಉಗುರಿನ ಜಿಡ್ಡನ್ನು ಅಳೆಯುತ್ತದೆ.

ಓದುಗರಿಗೆ ನನ್ನ ಸಲಹೆ ಇಷ್ಟು. ನೊರೆ ಇಳಿಯಲಿ, ಹಾಲನ್ನು ಮೇಲಿಂದ ಕೆಳಗೆ ನಿಧಾನವಾಗಿ ಕಲಕಲಿ, ಆಮೇಲೆ ಮೀಟರ್ ಬಿಡಲಿ. ಹಾಲಿನ ಬಿಸಿ ನೋಡಿ 27ರಿಂದ ಎಷ್ಟು ಆಚೀಚೆ ಇದೆಯೋ ಅಷ್ಟಕ್ಕೆ ಡಿಗ್ರಿ ತಿದ್ದಿಯೇ ಪುಸ್ತಕಕ್ಕೆ ಬರೆಯಲಿ. ನಿಮ್ಮ ಡೇರಿಯಲ್ಲಿ ಲ್ಯಾಕ್ಟೋಮೀಟರಿನ ಪಕ್ಕ ಥರ್ಮಾಮೀಟರ್ ಇಲ್ಲವಾದರೆ, ಮುಂದಿನ ಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಿ.